ಶ್ರುತಿ: ಅಳತೆಯಿಂದ ಆಧಾರದವರೆಗೆ

ಕಛೇರಿಗೆ ಕೂರುವ ಮುನ್ನ ಪಕ್ಕವಾದ್ಯದವರು ಗಾಯಕರನ್ನು ‘ಶ್ರುತಿ ಎಷ್ಟು?’ ಎಂದು ಕೇಳಿದರೆ, ಅವರಿಗೆ ಬೇಕಾದದ್ದು ಆಧಾರ ಷಡ್ಜದ, ಎಂದರೆ ಹಾಡಿನುದ್ದಕ್ಕೂ ನೆಲೆಯಾಗಿ ನಿಲ್ಲುವ ‘ಸ’ ಸ್ವರದ, ಎತ್ತರ. ಯಕ್ಷಗಾನದ ಹಿಮ್ಮೇಳದಲ್ಲಿ ಹಾರ್ಮೋನಿಯಂ ಮನೆಗಳ ಬಣ್ಣವನ್ನೇ ಹಿಡಿದು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎನ್ನುವುದೂ ಇದಕ್ಕೇ. ಆದರೆ ಭರತನ ನಾಟ್ಯಶಾಸ್ತ್ರವನ್ನು ತೆರೆದರೆ ಈ ಪದ ಅಲ್ಲಿ ಬೇರೆಯೇ ಕೆಲಸದಲ್ಲಿದೆ.

ಇದರ ಮೂಲ ಕೇಳುವುದೆಂಬ ಅರ್ಥದ ಸಂಸ್ಕೃತದ ‘ಶ್ರು’ ಧಾತು. ಗುರುಮುಖದಿಂದ ಕೇಳಿ ಉಳಿಸಿಕೊಂಡು ಬಂದದ್ದರಿಂದ ವೇದವೂ ಶ್ರುತಿಯೇ. ಸಂಗೀತಶಾಸ್ತ್ರಕಾರರಿಗಾದರೋ ಅದು ಸ್ವರಗಳ ನಡುವಿನ ಅಂತರವನ್ನು ಅಳೆಯುವ ಸೂಕ್ಷ್ಮವಾದ ಮಾನ. ಷಡ್ಜಗ್ರಾಮವೆಂಬ ಹಳೆಯ ಸ್ವರಶ್ರೇಣಿಯಲ್ಲಿ ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು, ರಿಷಭ, ಧೈವತಗಳಿಗೆ ಮೂರು ಮೂರು, ಗಾಂಧಾರ, ನಿಷಾದಗಳಿಗೆ ಎರಡೆರಡು, ಒಟ್ಟು 22 ಶ್ರುತಿಗಳು.

ಈ ಲೆಕ್ಕವನ್ನು ಭರತ ಸುಮ್ಮನೆ ಒಪ್ಪಿಕೊಳ್ಳಿರೆಂದು ಹೇಳುವುದಿಲ್ಲ. ಕಿವಿಯಿಂದಲೇ ಪರೀಕ್ಷಿಸುವ ದಾರಿಯನ್ನು ತೋರಿಸುತ್ತಾನೆ. ಒಂದೇ ರೀತಿ ಶ್ರುತಿಮಾಡಿದ ಎರಡು ವೀಣೆಗಳಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ಎಲ್ಲ ತಂತಿಗಳನ್ನೂ ಒಂದೊಂದೇ ಶ್ರುತಿಯಷ್ಟು ಇಳಿಸುತ್ತ ಹೋಗಬೇಕು. ಎರಡನೆಯ ಇಳಿಕೆಯಲ್ಲಿ ಗಾಂಧಾರ, ನಿಷಾದಗಳು ಮೊದಲ ವೀಣೆಯ ರಿಷಭ, ಧೈವತಗಳೊಡನೆ ಕೂಡುತ್ತವೆ. ಮೂರನೆಯದರಲ್ಲಿ ರಿಷಭ, ಧೈವತಗಳು ಷಡ್ಜ, ಪಂಚಮಗಳೊಡನೆ. ನಾಲ್ಕನೆಯದರಲ್ಲಿ ಉಳಿದ ಮೂರೂ ತಮ್ಮ ಕೆಳಗಿನ ಸ್ವರದೊಡನೆ. ತಂತಿಯ ಉದ್ದವನ್ನಾಗಲಿ ಯಾವುದೇ ಅಂಕಿಯನ್ನಾಗಲಿ ಕೇಳದೆ, ಎರಡು ನಾದಗಳು ಒಂದಾದ ಕ್ಷಣವನ್ನೇ ಪ್ರಮಾಣವೆಂದು ಹಿಡಿಯುವ ಈ ವಿಧಾನ ನನಗೆ ಆ ಗ್ರಂಥದ ಅತ್ಯಂತ ಸುಂದರವಾದ ಭಾಗಗಳಲ್ಲೊಂದು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಇದನ್ನು 22 ತಂತಿಗಳ ವೀಣೆಗಳ ಮೇಲೆ ವಿವರಿಸಿದನು. ಆ ಗ್ರಂಥಕ್ಕೆ ವಿಜಯನಗರದ ಕಲ್ಲಿನಾಥನು 15ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದನು.

ಹೀಗೆ ಅಳತೆಯಾಗಿದ್ದ ಪದ ಇಂದು ಆಧಾರವಾಗಿರುವುದನ್ನು ಅಪಭ್ರಂಶವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಗ್ರಾಮ ಮತ್ತು ಅದರ ಒಂದೊಂದು ಸ್ವರದಿಂದ ಹೊರಡುವ ಮೂರ್ಛನೆಗಳ ಪದ್ಧತಿ ಹಿಂದೆ ಸರಿದು ಎಲ್ಲ ರಾಗಗಳೂ ಒಂದೇ ಷಡ್ಜದ ಮೇಲೆ ನಿಂತ ಮೇಲೆ, ಸಂಗೀತಗಾರನ ಕಿವಿ ಎಡೆಬಿಡದೆ ಆತುಕೊಳ್ಳುವ ನಾದಕ್ಕೇ ಕೇಳ್ಮೆಯ ಹೆಸರು ಸಂದದ್ದು ಸಹಜವೇ ಆಗಿದೆ. ತಂಬೂರಿಯನ್ನು ಶ್ರುತಿಮಾಡುವವರನ್ನು ಹತ್ತಿರದಿಂದ ನೋಡಿದರೆ ಎರಡು ಅರ್ಥಗಳೂ ಒಂದೇ ಕೈಯಲ್ಲಿ ಕಾಣಸಿಗುತ್ತವೆ: ಬಿರಡೆ ತಿರುಗಿಸಿ ಷಡ್ಜವನ್ನು ನಿಲ್ಲಿಸಿದ ಮೇಲೂ ಅವರು ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ಜೀವಾಳದ ನೂಲನ್ನು ಹಿಂದೆಮುಂದೆ ಮಾಡುತ್ತಾರೆ, ಮಂದ್ರ ಷಡ್ಜದ ತಂತಿಯೊಳಗಿಂದ ಯಾರೂ ಮೀಟದ ಅಂತರ ಗಾಂಧಾರ (ಎತ್ತರದ ‘ಗ’) ತಾನಾಗಿ ಕೇಳಿಬರುವವರೆಗೂ ಬಿಡುವುದಿಲ್ಲ.