ಹನ್ನೆರಡು ಮಳೆಗಾಲ ನಿಂತ ಯೆಜ್ಡಿ

ತಾಡಪಾಲು ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಪೆಟ್ರೋಲಿನದ್ದಲ್ಲ. ಹಳೇ ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅಂಥದ್ದು.

ಶಿರಸಿ ಹತ್ತಿರದ ಮಾವನ ಮನೆ. ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ದಬ್ಬೆಗಳ ಪಕ್ಕದಲ್ಲಿ ಮಾವನ ಯೆಜ್ಡಿ 250 ಬೈಕು ನಿಂತಿತ್ತು. 1979ರ ಗಾಡಿ. 2012ರ ಬೇಸಿಗೆಯಲ್ಲಿ ಮಾವನಿಗೆ ಮಂಡಿ ನೋವು ಜಾಸ್ತಿಯಾಗಿ ಕಿಕ್ ಹೊಡೆಯುವುದೇ ಕಷ್ಟವಾಯಿತು. ಆಗ ಗಾಡಿಯನ್ನು ಅಲ್ಲಿ ತಂದು ನಿಲ್ಲಿಸಿದವನು ನಾನೇ. ಇದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು. ಇಂಥ ಗಾಡಿ ಇನ್ನು ಸಿಗುವುದಿಲ್ಲ ಅಂತ ಬಹಳ ಕಾಳಜಿ ಮಾಡಿದ್ದೆ. ಟ್ಯಾಂಕ್ ತುಂಬಾ ಪೆಟ್ರೋಲ್ ಹಾಕಿಸಿದ್ದೆ. ತಾಡಪಾಲು ಎರಡು ಸುತ್ತು ಸುತ್ತಿ, ನೀರು ಬೀಳಬಾರದು, ಇಲಿ ಹೋಗಬಾರದು ಅಂತ ಬುಡದಲ್ಲಿ ಹಗ್ಗ ಬಿಗಿದಿದ್ದೆ.

ಹನ್ನೆರಡು ಮಳೆಗಾಲ ಕಳೆದು ದೀಪಾವಳಿಗೆ ಬಿಚ್ಚಿ ನೋಡಿದರೆ, ಆ ಕಾಳಜಿಯೇ ಗಾಡಿಯನ್ನು ತಿಂದಿತ್ತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಭರಣಿಯೂ ನೀರೊಡೆಯುತ್ತದೆ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಕೊಟ್ಟಿಗೆಯದ್ದು ಮಣ್ಣಿನ ನೆಲ. ನೆಲದ ತೇವ ಮೇಲೆ ಬಂದು ತಾಡಪಾಲಿನೊಳಗೇ ಸಿಕ್ಕಿಬಿದ್ದಿದೆ. ಹೊರಗೆ ಹೋಗಲು ದಾರಿಯನ್ನೇ ನಾನು ಬಿಟ್ಟಿರಲಿಲ್ಲ. ಸುಮ್ನೆ ಹಾಗೇ ಗಾಳಿಗೆ ಬಿಟ್ಟಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ನಾನು ಕಿಕ್‌ಗೆ ಕೈ ಹಾಕಿದ್ದೇ ತಡ, ಜಗುಲಿಯಿಂದ ಮಾವನ ದನಿ ಬಂತು. "ತಮಾ, ಕಿಕ್ ಮುಟ್ಟಡ!"

ಯೆಜ್ಡಿಯಲ್ಲಿ ಗೇರ್ ಮತ್ತು ಕಿಕ್ ಎರಡಕ್ಕೂ ಒಂದೇ ಲಿವರ್. ಒಳಗೆ ಒತ್ತಿ ಮೇಲೆತ್ತಿದರೆ ಗೇರ್ ಲಿವರೇ ಕಿಕ್ ಆಗುತ್ತದೆ. ಮೈಭಾರ ಬಿಟ್ಟು ಒದೆಯಬೇಕು ಅಂತ ಕಾಲು ತುಡಿಯುತ್ತದೆ. ಆದರೆ ಇಷ್ಟು ವರ್ಷ ನಿಂತ ಎಂಜಿನ್ ಒಳಗೆ ಪಿಸ್ಟನ್ ರಿಂಗು ತುಕ್ಕಿಗೆ ಸಿಲಿಂಡರಿಗೇ ಅಂಟಿರುತ್ತದೆ. ಹಾಗೇ ಒದ್ದರೆ ರಿಂಗ್ ಮುರಿಯಬಹುದು, ಸಿಲಿಂಡರಿನ ಗೋಡೆ ಗೀರಬಹುದು. ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಒಳಗೆಲ್ಲ ಕಾವಿ ಬಳಿದ ಹಾಗೆ ಕಾಣುತ್ತಿತ್ತು.

ಅರ್ಧ ಡೀಸೆಲ್, ಅರ್ಧ ಟು-ಟಿ ಆಯಿಲ್ (ಇಂಥ ಗಾಡಿಗಳ ಪೆಟ್ರೋಲಿಗೆ ಬೆರೆಸುವ ಆಯಿಲ್) ಕಲಸಿ ಪ್ಲಗ್ಗಿನ ತೂತಿನಿಂದ ಸುರಿದೆವು. ಮೂರು ದಿನ ಅದರ ಸುದ್ದಿಗೇ ಹೋಗಲಿಲ್ಲ. ನಾಲ್ಕನೇ ದಿನ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರ ಹಿಡಿದು ಅಲುಗಿಸಿದೆ. ಅರ್ಧ ಇಂಚು ಮುಂದೆ, ಅರ್ಧ ಇಂಚು ಹಿಂದೆ. ಮೇಲಿನ ಗೇರಿನಲ್ಲಿ ಚಕ್ರದಿಂದ ತಿರುಗಿಸಿದರೆ ಎಂಜಿನ್ನಿನ ಮೇಲೆ ಒದ್ದಷ್ಟು ಜೋರು ಬೀಳದು, ಹದ ಕೈಗೆ ಗೊತ್ತಾಗುತ್ತದೆ. ಮಾವ ಮಂಡಿ ನೋವಿನಲ್ಲೂ ಮೆಟ್ಟಿಲಿಳಿದು ಬಂದು ಸಿಲಿಂಡರಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಅರ್ಧ ಗಂಟೆ ಹೀಗೇ ನಡೆಯಿತು. ಆಮೇಲೆ ಒಳಗೆಲ್ಲೋ ಒಣ ಅಡಿಕೆ ಕತ್ತರಿಸಿದ ಹಾಗೆ 'ಕಟ್' ಅಂತು. ಚಕ್ರ ಒಂದು ಗೇಣು ಮುಂದೆ ಹೋಯಿತು. ಮಾವ ಏನೂ ಹೇಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಟೈರು, ಟ್ಯೂಬು, ಕೇಬಲ್ಲು ಎಲ್ಲ ಹೊಸದೇ ಹಾಕಬೇಕಾಯಿತು. ಬ್ರೇಕ್ ಶೂ ಡ್ರಮ್ಮಿಗೆ ಹಿಡಿದಿತ್ತು. ಅದನ್ನು ಬಿಡಿಸಿದ್ದು ಒಂದು ಸಂಜೆಯ ಕೆಲಸ.

ಟ್ಯಾಂಕಿನದ್ದು ಮಾತ್ರ ದೊಡ್ಡ ಕೆಲಸ. ಕೆಲವು ತಿಂಗಳ ಮಟ್ಟಿಗಾದರೆ ಟ್ಯಾಂಕ್ ತುಂಬಿಸಿಡುವುದು ಸರಿಯೇ, ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ತುಕ್ಕು ಹಿಡಿಯದು. ವರ್ಷಗಟ್ಟಲೆ ಬಿಟ್ಟರೆ ಪೆಟ್ರೋಲಿನ ತೆಳು ಅಂಶವೆಲ್ಲ ಹಾರಿಹೋಗಿ ಅಂಟು ಉಳಿಯುತ್ತದೆ. ಪೆಟ್ರೋಲ್ ಇಳಿದಿಳಿದ ಹಾಗೆ ಗೋಡೆಗೆ ತುಕ್ಕು. ಬೇಸಿಗೆಯಲ್ಲಿ ಕೆರೆ ಬತ್ತುವಾಗ ದಂಡೆಯಲ್ಲಿ ಗೆರೆ ಉಳಿಯುತ್ತದಲ್ಲ, ಟ್ಯಾಂಕಿನೊಳಗೂ ಹಾಗೇ ಒಂದರ ಕೆಳಗೊಂದು ಗೆರೆ ಇತ್ತು.

ಪೇಟೆಯಿಂದ ಆಸಿಡ್ ತರುವುದಾ ಅಂತ ಯೋಚಿಸುತ್ತಿದ್ದೆ. ಅತ್ತೆ ಹಿತ್ತಾಳೆ ಚರಿಗೆ ತಿಕ್ಕುತ್ತಿದ್ದವರು, "ಮುರುಗಲು ಸಾಲದಾ?" ಅಂದರು. ಮುರುಗಲು ಅಂದರೆ ಪುನರ್ಪುಳಿ, ಕೋಕಂ ಹಣ್ಣು. ಹುಳಿಗೆ ಕಿಲುಬು ಬಿಡುತ್ತದೆ ಅಂದಮೇಲೆ ತುಕ್ಕು ಯಾಕೆ ಬಿಡಬಾರದು? ಒಣ ಮುರುಗಲ ಸಿಪ್ಪೆ ಕುದಿಸಿ, ಸೋಸಿ, ಆ ಕೆಂಪು ನೀರನ್ನು ಟ್ಯಾಂಕಿಗೆ ತುಂಬಿಸಿ ಎರಡು ದಿನ ಇಟ್ಟೆವು. ಆಮೇಲೆ ಸಣ್ಣ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿದೆ. ಹಾಕುವಾಗ ಎಣಿಸಿ ಹಾಕಬೇಕು, ಇದನ್ನು ಯಾರೂ ಮರೆಯಬೇಡಿ. 37 ಹಾಕಿದ್ದೆ, 36 ಹೊರಗೆ ಬಂತು. ಉಳಿದ ಒಂದಕ್ಕೆ ಅರ್ಧ ಗಂಟೆ ಟ್ಯಾಂಕನ್ನು ಮಗುಚಿ ಮಗುಚಿ ಕೈ ಸೋತಿತು. ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಆಯಿಲ್ ಹಾಕಿ ಒಳಗೆಲ್ಲ ಸವರಿದ ಹಾಗೆ ಹೊರಳಿಸಿದೆ. ಬರೀ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ ಪೂರ್ತಿ ಕಟ್ಟಿತ್ತು. ಸೂಜಿ ಹಾಕಲಿಲ್ಲ. ಜೆಟ್ ಹಿತ್ತಾಳೆ, ಸೂಜಿ ಉಕ್ಕು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಹಳೇ ವೈರಿನ ಒಂದು ತಾಮ್ರದ ಎಳೆ ತೂರಿಸಿ, ಸೂರ್ಯನ ಕಡೆ ಹಿಡಿದು ನೋಡಿದೆ. ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿ ಕಾಣಿಸಿತು. ಅದನ್ನು ನೋಡಿ ನನಗಾದ ಸಂತೋಷ ಹೇಳತೀರದು.

ಈ ಗಾಡಿಯ ಕಿಡಿಗೆ ಬ್ಯಾಟರಿ ಬೇಕು. 6 ವೋಲ್ಟಿನದ್ದು ಹುಡುಕಿ ತಂದೆ. ಕರೆಂಟು ಕಡಿದು ಕಿಡಿ ಬರಿಸುವ ಪಾಯಿಂಟಿಗೆ ನುಣ್ಣಗಿನ ಮರಳು ಕಾಗದ ಉಜ್ಜಿದೆ. ಗ್ಯಾಪ್ ಎಷ್ಟಿರಬೇಕು ಅಂತ ಕೇಳಿದ್ದಕ್ಕೆ ಮಾವ, "ಲಗ್ನಪತ್ರಿಕೆ ದಪ್ಪ" ಅಂದರು. ಗೋಡೆಯ ಮೊಳೆಗೆ ಚುಚ್ಚಿದ್ದ ಪತ್ರಿಕೆಯೊಂದನ್ನು ತಂದು ಹಾಗೇ ಕೂರಿಸಿದೆ. ಆಮೇಲೆ ಗೇಜು ಹಾಕಿ ನೋಡಿದರೆ ಸರಿಯಾಗಿ 0.4 ಮಿಲಿಮೀಟರ್.

ಲೀಟರಿಗೆ 40 ಮಿಲಿ ಆಯಿಲ್ ಕಲಸಿದ ಹೊಸ ಪೆಟ್ರೋಲ್ ಹಾಕಿ ಒದೆಯತೊಡಗಿದೆ. ಎಂಟನೇ ಒದೆತಕ್ಕೆ ಹಿಡಿಯಿತು. ಅಂಗಳವೆಲ್ಲ ಬಿಳಿ ಹೊಗೆ. ಕೊಟ್ಟಿಗೆಯ ಆಕಳು ಬೆದರಿತು, ಅತ್ತೆ ಒಗೆದು ಹಾಕಿದ್ದ ಬಟ್ಟೆ ಎತ್ತಿಕೊಂಡು ಒಳಗೆ ಓಡಿದರು. ಸಿಲಿಂಡರಿಗೆ ಸುರಿದ ಆಯಿಲ್ ಸುಟ್ಟು ಮುಗಿದ ಮೇಲೂ ಹೊಗೆ ಪೂರ್ತಿ ನಿಲ್ಲಲಿಲ್ಲ. ಎಂಜಿನ್ನಿನ ಕ್ರ್ಯಾಂಕಿನ ರಬ್ಬರ್ ಸೀಲ್ ಒಣಗಿ ಗೇರ್ ಬಾಕ್ಸಿನ ಆಯಿಲ್ ಎಳೆಯುತ್ತಿರಬೇಕು. ಅದಕ್ಕೆ ಎಂಜಿನ್ ಬಿಚ್ಚಬೇಕು, ಅದು ಪೇಟೆಯ ಮೆಕ್ಯಾನಿಕ್ಕಿನ ಕೆಲಸ. ನೋಂದಣಿಯ ಅವಧಿಯೂ ಮುಗಿದಿದೆ. ಅದು ನವೀಕರಣ ಆಗುವವರೆಗೆ ಗಾಡಿ ಗೇಟು ದಾಟುವುದಿಲ್ಲ.

ಮಾವ ಮಾತ್ರ ಹೊಗೆಯ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. "ಒಂದೇ ಬದಿಂದ ಶಬ್ದ ಬತ್ತಾ ಇದ್ದು" ಅಂದರು. ಯೆಜ್ಡಿಗೆ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಹಿಂದೆ ಹೋಗಿ ಎರಡಕ್ಕೂ ಕೈ ಒಡ್ಡಿದೆ. ಬಲಗಡೆಯದ್ದು ಬಿಸಿ, ಎಡಗಡೆಯದ್ದು ತಣ್ಣಗೆ. ಎಂಜಿನ್ ಆರಿಸಿ, ಎಡಗಡೆಯ ಸೈಲೆನ್ಸರಿನ ಒಳಕೊಳವೆ ಎಳೆದರೆ ಒಂದು ಬೊಗಸೆ ಕೆಂಪು ಮಣ್ಣು ಉದುರಿತು. ಕುಂಬಾರ ಹುಳ ಕಟ್ಟಿದ ಗೂಡು. ಒಂದಕ್ಕೊಂದು ಅಂಟಿದ ಪುಟ್ಟ ಪುಟ್ಟ ಮಡಕೆಗಳು, ಒಳಗೆ ಹುಳದ ಒಣ ಪೊರೆ. ಹಗ್ಗ ಬಿಗಿಯುವಾಗ ನಾನು ಇಲಿಯ ಬಗ್ಗೆ ಮಾತ್ರ ಯೋಚಿಸಿದ್ದೆ.

ಮತ್ತೆ ಸ್ಟಾರ್ಟ್ ಮಾಡಿದೆ. ಎರಡೇ ಒದೆತ. ಈ ಸಲ ಮಾವ ತಾವೇ ಗೋಡೆ ಹಿಡಿದುಕೊಂಡು ಹಿಂದೆ ಬಂದು ಎರಡೂ ಅಂಗೈ ಒಡ್ಡಿ ನಿಂತರು. ಚಳಿಗೆ ಒಲೆಯ ಮುಂದೆ ನಿಲ್ಲುತ್ತಾರಲ್ವಾ, ಹಾಗೆ. ನಾನು ಆರಿಸುವವರೆಗೂ ಅಲ್ಲಿಂದ ಕದಲಲಿಲ್ಲ.

ತಾಡಪಾಲು ಈಗ ಕಟ್ಟಿಗೆ ರಾಶಿಯ ಮೇಲಿದೆ. ಗಾಡಿ ಹಲಗೆಯ ಮೇಲೆ ನಿಲ್ಲುತ್ತದೆ, ಹೊದಿಕೆಗೆ ಅತ್ತೆಯ ಹಳೇ ಹತ್ತಿ ಸೀರೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಸ್ವಲ್ಪವೇ ಇಟ್ಟು, ಪ್ರತಿ ಸಲ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡುತ್ತೇವೆ. ಎರಡು ವಾರಕ್ಕೊಮ್ಮೆ ಭಾನುವಾರ ನಾನು ಹೋಗುತ್ತೇನೆ. ಮೊನ್ನೆ ಹೋಗುವಷ್ಟರಲ್ಲಿ ಸೀರೆ ಮಡಚಿ ಇಟ್ಟಾಗಿತ್ತು. ಕಾಕ್ ತೆರೆದು, ಮಾವ ಪಕ್ಕದ ಮಣೆಯ ಮೇಲೆ ಕೂತಿದ್ದರು.