ಕಪ್ಪು ವಜ್ರದ ದಾರಿ, ಅಡಿಕೆ ದಬ್ಬೆಯ ಸಂಕ

ಬುಧವಾರ ಸಂಜೆ ಆರಕ್ಕೆ ಕೆನಡಾದ ವ್ಯಾಂಕೂವರ್ ಪಕ್ಕದ ಲಿನ್ ವ್ಯಾಲಿಯಲ್ಲಿ ಸೇರುವ ನಮ್ಮ ಸೈಕಲ್ ಗುಂಪಿನಲ್ಲಿ ಆರು ಜನ. ಐವರು ಮುಂದೆ ಹೋಗುತ್ತಾರೆ, ನಾನು ಹಿಂದಿನಿಂದ ಬರುತ್ತೇನೆ. ಮೂರು ವರ್ಷವಾಯಿತು, ಈ ಕ್ರಮ ಒಮ್ಮೆಯೂ ತಪ್ಪಿಲ್ಲ.

ವ್ಯಾಂಕೂವರ್ ಪೇಟೆಯಿಂದ ಸೀಬಸ್ ಎಂಬ ದೊಡ್ಡ ದೋಣಿ ಹತ್ತಿದರೆ 12 ನಿಮಿಷಕ್ಕೆ ಉತ್ತರ ದಂಡೆ. ಸೈಕಲ್ಲನ್ನೂ ಒಳಗೇ ಒಯ್ಯಬಹುದು. ಅಲ್ಲಿಂದ ಮುಂದಿನ ಬಸ್ಸಿನ ಮೂತಿಗೆ ಸೈಕಲ್ ಸಿಕ್ಕಿಸುವ ಕಬ್ಬಿಣದ ಚೌಕಟ್ಟು ಇರುತ್ತದೆ. ಮನೆಗಳ ಸಾಲು ಮುಗಿದಲ್ಲೇ ಕಾಡು ಶುರು. ಸೈಪ್ರೆಸ್, ಫ್ರೋಮ್, ಸೀಮೋರ್ ಎಂಬ ಮೂರು ಬೆಟ್ಟಗಳ ಈ ಸೀಮೆಗೆ ಮೌಂಟನ್ ಬೈಕಿನವರ ಲೋಕದಲ್ಲಿ 'ನಾರ್ತ್ ಶೋರ್' ಎಂದೇ ಹೆಸರು. ನಾವು ಹೋಗುವುದು ಹೆಚ್ಚಾಗಿ 1,185 ಮೀಟರ್ ಎತ್ತರದ ಫ್ರೋಮ್‌ಗೆ. ನೆತ್ತಿಯವರೆಗೆ ನಾನಂತೂ ಹೋದವಳಲ್ಲ.

ಇಲ್ಲಿನ ದಾರಿಗಳಿಗೆ ದರ್ಜೆ ಉಂಟು. ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿನದು, ಕಪ್ಪು ವಜ್ರ ಕಷ್ಟ, ಜೋಡಿ ವಜ್ರ ಕಂಡರೆ ನಾನು ಕೈ ಮುಗಿದು ವಾಪಸ್. ಬೇರೆ ಊರಿಂದ ಬಂದವರು ಇಲ್ಲಿನ ನೀಲಿಯನ್ನು ನೋಡಿ, ನಮ್ಮಲ್ಲಿ ಇದೇ ಕಪ್ಪು ಎನ್ನುತ್ತಾರೆ. ಆ ಮಾತು ಕೇಳಿದಾಗ ನಮ್ಮ ಗುಂಪಿನವರ ಮುಖ ನೋಡಬೇಕು, ಮಗಳಿಗೆ ರ‍್ಯಾಂಕ್ ಬಂದ ಅಪ್ಪಂದಿರ ಹಾಗಿರುತ್ತದೆ.

ಹತ್ತುವ ದಾರಿಯ ಹೆಸರು ಮೌಂಟನ್ ಹೈವೇ. ಹೆಸರು ಕೇಳಿ ಮೋಸಹೋಗಬೇಡಿ. ಗೇಟು ದಾಟಿದ ಮೇಲೆ ಅದು ತಿರುವು ತಿರುವಾಗಿ ಏರುವ ಜಲ್ಲಿ ರಸ್ತೆ, ಕಾರಿಗೆ ಪ್ರವೇಶವಿಲ್ಲ. ಉಳಿದವರಿಗೆ ಈ ಏರು ಹರಟೆಯ ಕಟ್ಟೆ. ಮನೆ ಸಾಲ, ಮಕ್ಕಳ ಶಾಲೆ, ಹೊಸ ಟೈರು, ಎಲ್ಲಾ ಇಲ್ಲೇ ಇತ್ಯರ್ಥವಾಗುತ್ತದೆ. ನನ್ನನ್ನೂ ಮಾತಿಗೆಳೆಯುತ್ತಾರೆ, ಪಾಪ. ನಾನು 'ಹ್ಞೂಂ' ಅನ್ನುತ್ತೇನೆ. ಅದಕ್ಕಿಂತ ಉದ್ದದ ಉತ್ತರಕ್ಕೆ ಉಸಿರು ಸಾಲದು.

ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯವರು 63 ವರ್ಷದ ನಿವೃತ್ತ ನರ್ಸ್. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುವುದು. ಅಷ್ಟು ಹಿರಿಯರನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಮನಸ್ಸಿನಲ್ಲೇ 'ಅಕ್ಕೋರು' ಅಂತ ಹೆಸರಿಟ್ಟುಕೊಂಡೆ. ನಮ್ಮೂರ ಕಡೆ ಶಾಲೆಯ ಟೀಚರಿಗೆ ಅನ್ನುವುದು ಹಾಗೇ. ಒಂದು ದಿನ ಬಾಯಿ ತಪ್ಪಿ ಜೋರಾಗಿಯೇ ಕರೆದುಬಿಟ್ಟೆ. ಅರ್ಥ ಕೇಳಿ ತಿಳಿದುಕೊಂಡ ಅವರು ಅದನ್ನೇ ಖಾಯಂ ಮಾಡಿಬಿಟ್ಟರು. ಈಗ ಮರ ಕಡಿಯುವ ಕೆಲಸದ ಆರಡಿ ಎತ್ತರದ ಹುಡುಗನೂ ಅವರಿಗೆ 'ಅಕ್ಕೋರು' ಅನ್ನುತ್ತಾನೆ, 'ಕ್ಕ' ಮಾತ್ರ ಅವನಿಗೆ ಇನ್ನೂ ಒಲಿದಿಲ್ಲ.

ಗಟ್ಟಿಯವರ ಜೊತೆ ಹೋಗುವುದರಲ್ಲಿ ಒಂದು ಲೆಕ್ಕದ ಅನ್ಯಾಯವಿದೆ. ಅವರು ತಿರುವಿನಲ್ಲಿ ನಿಂತು ಕಾಯುತ್ತಾರೆ, ನೀರು ಕುಡಿಯುತ್ತಾರೆ, ಖರ್ಜೂರ ತಿನ್ನುತ್ತಾರೆ. ನಾನು ಏದುಸಿರು ಬಿಡುತ್ತಾ ಮುಟ್ಟಿದ ಕೂಡಲೇ "ಬಂದಳಲ್ಲ, ಸರಿ, ಹೊರಡೋಣ" ಎಂದು ಹೆಲ್ಮೆಟ್ ಬಿಗಿಯುತ್ತಾರೆ. ಹೀಗಾಗಿ ಹೆಚ್ಚು ದಣಿದವಳಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಒಂದೂವರೆ ವರ್ಷ ಬೇಕಾಯಿತು. ಸಂಕೋಚ. ಮೊದಲೇ ಕಾಯಿಸಿದ್ದೇನೆ, ಮತ್ತೂ ಕಾಯಿರಿ ಅನ್ನುವುದು ಹೇಗೆ?

ಇಳಿಜಾರಿನ ಕಥೆ ಬೇರೆ. ಹಸಿರು ದರ್ಜೆಯ ದಾರಿಯಾದ ಬಾಬ್‌ಸ್ಲೆಡ್‌ನಲ್ಲಿ ತಿರುವುಗಳಿಗೆ ಮಣ್ಣಿನ ದಿಬ್ಬ ಕಟ್ಟಿದ್ದಾರೆ, ಸೈಕಲ್ಲು ತಾನೇ ವಾಲಿಕೊಂಡು ಹೋಗುತ್ತದೆ. ಕಪ್ಪು ವಜ್ರದ ದಾರಿಗಳಲ್ಲಿ ಅಂಥ ಸೌಜನ್ಯ ಇಲ್ಲ. ಹಲಸಿನ ಬುಡದಲ್ಲಿ ಎದ್ದಿರುತ್ತದಲ್ಲ, ಅಷ್ಟು ದಪ್ಪದ ಬೇರುಗಳು ದಾರಿಗೆ ಅಡ್ಡಡ್ಡ, ಓರೆಯೋರೆ. ಒದ್ದೆ ಬೇರಿನ ಮೇಲೆ ಬ್ರೇಕ್ ಹಿಡಿದಿರೋ, ಮುಗಿಯಿತು. ಬೇರು ಬರುವ ಮೊದಲೇ ವೇಗ ಇಳಿಸಿಕೊಂಡು, ಬೇರನ್ನು ನೇರ ಅಡ್ಡಕ್ಕೆ ದಾಟಿ, ಆಮೇಲೆ ಬೇಕಾದರೆ ಬ್ರೇಕ್. ಸೀಟನ್ನು ಗುಂಡಿ ಒತ್ತಿ ಕೆಳಗಿಳಿಸಿ, ಪೆಡಲಿನ ಮೇಲೆ ಎದ್ದು ನಿಂತು, ಹಿಮ್ಮಡಿ ತಗ್ಗಿಸಿ, ಹೋಗಬೇಕಾದ ಕಡೆಗೇ ಕಣ್ಣಿಡಬೇಕು. ಮರ ನೋಡಿದರೆ ಮರಕ್ಕೇ ಹೋಗುತ್ತೀರಿ. ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಆಗಲೂ ನಾನು ಗೊಬ್ಬರಗುಂಡಿ ನೋಡಿಯೇ ಗೊಬ್ಬರಗುಂಡಿಗೆ ಬಿದ್ದದ್ದು.

ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಮರದ ಸಂಕಗಳು, ಅಂದರೆ ಕಿರುಸೇತುವೆಗಳು. 1990ರ ದಶಕದಲ್ಲಿ ಇಲ್ಲಿನ ಕೆಸರು, ಬಿದ್ದ ಮರ, ಕಮರಿ ದಾಟಲು ಸೈಕಲ್ಲಿನವರು ಸೀಡರ್ ದಿಮ್ಮಿಯನ್ನು ಉದ್ದಕ್ಕೆ ಸೀಳಿ ಏಣಿಯ ಹಾಗೆ ಜೋಡಿಸಿದರು. 'ಡಿಗ್ಗರ್' ಎಂದೇ ಎಲ್ಲರೂ ಕರೆಯುವ ಟಾಡ್ ಫಿಯಾಂಡರ್ ಅವರಂಥವರು ಅದನ್ನೊಂದು ಕಲೆ ಮಾಡಿದರು. ದಾಟಲು ಕಟ್ಟಿದ ಸಂಕ ಬರಬರುತ್ತಾ ಸರ್ಕಸ್ಸಿನ ಸಂಕವಾಯಿತು. ಎತ್ತರ ಏರಿತು, ಅಗಲ ಕುಗ್ಗಿತು, ಕೆಲವು ಟೈರಿಗಿಂತ ಸ್ವಲ್ಪವೇ ಅಗಲ. ಜಾರದಿರಲೆಂದು ಮೇಲೆ ಕೋಳಿಗೂಡಿನ ಬಲೆ ಹೊಡೆಯುತ್ತಿದ್ದರು. ಈಗ ಬಹಳಷ್ಟು ಕೊಳೆತು ಹೋಗಿವೆ, ಅವುಗಳ ಜಾಗದಲ್ಲಿ ಕಲ್ಲು ಹಾಸಿನ ದಾರಿ ಬಂದಿದೆ.

ಮೊದಲ ಸಲ ಅಂಥದ್ದನ್ನು ಕಂಡಾಗ ಸಿದ್ದಾಪುರದ ನಮ್ಮ ಮನೆ ಹಿಂದಿನ ಹಳ್ಳವೇ ಎದುರಿಗೆ ಬಂತು. ಮಳೆಗಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ಸಂಕ ದಾಟಿಯೇ ಶಾಲೆಗೆ ಹೋಗುತ್ತಿದ್ದೆವು. ಪಾಟಿಚೀಲ ಬೆನ್ನಿಗೆ, ಕೊಡೆ ಕಂಕುಳಿಗೆ, ಕೆಳಗೆ ಕೆಂಪು ನೀರು. ನಮಗೆ ಅದು ಬೇರೆ ದಾರಿ ಇಲ್ಲದ್ದಕ್ಕೆ. ಇಲ್ಲಿ ಬೇರೆ ದಾರಿ ಇದ್ದೂ ಜನ ಸಂಕಕ್ಕೇ ಬರುತ್ತಾರೆ. ಫೋಟೋ ಕಳಿಸಿದ್ದಕ್ಕೆ ಅಪ್ಪ ಬರೆದದ್ದು ಇಷ್ಟೇ: "ದಬ್ಬೆ ಒಳ್ಳೆದಿದ್ದು. ಕೈತಾಂಗು ಎಲ್ಲಿದ್ದು?" ಕೈತಾಂಗು ಅಂದರೆ ಹಿಡಿದು ದಾಟುವ ಆಸರೆ.

ಇಲ್ಲಿ 'ಲೇಡೀಸ್ ಓನ್ಲಿ' ಅಂತ ಒಂದು ದಾರಿಯುಂಟು. ನಮ್ಮ ಬಸ್ಸಿನ ಮೀಸಲು ಸೀಟಿನ ನೆನಪಾಗಿ ಖುಷಿಯಿಂದಲೇ ಹೊಕ್ಕೆ. ಕಪ್ಪು ವಜ್ರ. ಗಂಡಸರಿಗೂ ಮುಕ್ತ, ಮೀಸಲು ಗೀಸಲು ಏನೂ ಇಲ್ಲ.

ನಾನು ಬಿದ್ದದ್ದು ಅಲ್ಲಲ್ಲ. ಇನ್ನೊಂದು ದಾರಿಯಲ್ಲಿ, ಮೊಣಕಾಲೆತ್ತರದ ಒಂದು ಬಂಡೆಯ ಅಂಚಿನಲ್ಲಿ. ಅದರ ಪಕ್ಕದಲ್ಲೇ ನಡೆದು ಇಳಿಯಲು ಜಾಗವಿತ್ತು, ಅದಕ್ಕೂ ಹಿಂದೆ ನಾಲ್ಕು ಸಲ ನಡೆದೇ ಇಳಿದಿದ್ದೆ. ಅವತ್ತು ಐವರೂ ಕೆಳಗೆ ಸಾಲಾಗಿ ನಿಂತು ಮೇಲೆ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಆಗಲೇ ಕತ್ತಲಾಗುತ್ತಿತ್ತು, ಇವರನ್ನು ಮತ್ತೆ ಐದು ನಿಮಿಷ ನಿಲ್ಲಿಸಿದೆನಲ್ಲ ಅಂತ ನನಗೇ ಕಸಿವಿಸಿ. ಬಿಟ್ಟೆ. ಅಂಚಿನಲ್ಲಿ ಹೆದರಿ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಚಕ್ರ ನಿಂತಿತು, ನಾನು ನಿಲ್ಲಲಿಲ್ಲ.

ಹೆಬ್ಬೆರಳು ಹಿಂದಕ್ಕೆ ಮಡಚಿ ಊದಿತು, ಪಕ್ಕೆಲುಬಿಗೆ ಪೆಟ್ಟು. ಮುರಿದಿರಲಿಲ್ಲ. ಅಕ್ಕೋರು ಮಣ್ಣಲ್ಲೇ ಮಂಡಿಯೂರಿ ಕುತ್ತಿಗೆ, ಬೆನ್ನು, ಕಣ್ಣು ಎಲ್ಲ ನೋಡಿ, ಬೆರಳಿಗೆ ಪಟ್ಟಿ ಸುತ್ತಿ, ಆಮೇಲೆ ಬೈದರು.

"ಯಾಕೆ ಇಳಿದೆ?"

"ನೀವೆಲ್ಲ ಕಾಯ್ತಾ ಇದ್ದಿರಲ್ಲ..."

"ನಿನ್ನನ್ನು ಕಾಯೋದು ಐದು ನಿಮಿಷ. ಹೆಲಿಕಾಪ್ಟರ್ ಕಾಯೋದು ಎಷ್ಟು ಹೊತ್ತು ಗೊತ್ತಾ?"

ಅವರು ಉತ್ಪ್ರೇಕ್ಷೆ ಮಾಡಿದ್ದಲ್ಲ. ಈ ಬೆಟ್ಟಗಳಲ್ಲಿ ದಾರಿ ತಪ್ಪಿದವರನ್ನು, ಬಿದ್ದವರನ್ನು ಎತ್ತಿ ತರುವುದು ನಾರ್ತ್ ಶೋರ್ ರೆಸ್ಕ್ಯೂ. 1965ರಲ್ಲಿ ಶುರುವಾದದ್ದು, ಎಲ್ಲರೂ ಸ್ವಯಂಸೇವಕರು, ರಕ್ಷಣೆಗೆ ಹಣ ಕೇಳುವುದಿಲ್ಲ. ನನ್ನ ಸಂಕೋಚಕ್ಕೋಸ್ಕರ ಊಟದ ತಟ್ಟೆ ಬಿಟ್ಟು ಎದ್ದು ಬರಬೇಕಾಗಿದ್ದದ್ದು ಅವರು.

ಅವತ್ತು ಆರೂ ಜನ ಸೈಕಲ್ ತಳ್ಳಿಕೊಂಡೇ ಕೆಳಗೆ ಬಂದೆವು. ಆ ದಾರಿಯಲ್ಲೇ ನಾನು ಮೊದಲ ಸಲ ಹೇಳಿದ್ದು, "ನಾನು ಬಂದು ಮುಟ್ಟಿದ ಮೇಲೂ ಎರಡು ನಿಮಿಷ ನಿಲ್ಲಿ" ಅಂತ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮರ ಕಡಿಯುವ ಹುಡುಗನಿಗಂತೂ ಎಷ್ಟು ನಾಚಿಕೆಯಾಯಿತೆಂದರೆ, ಮುಂದಿನ ವಾರದಿಂದ ಅವನು ಎರಡು ನಿಮಿಷಕ್ಕೆ ಫೋನಿನಲ್ಲಿ ಗಂಟೆ ಇಟ್ಟುಕೊಂಡ.

ವಿಡಿಯೋ ಕಾಲ್‌ನಲ್ಲಿ ಬಲಗೈ ತೆರೆಯಿಂದ ಹೊರಗೇ ಇಟ್ಟಿದ್ದೆ. ಆಯಿ, ಅಂದರೆ ಅಮ್ಮ, ಬಿಡಬೇಕಲ್ಲ.

"ಕೈಗೆ ಎಂತಾ ಆತೇ ಕೂಸೆ?"

"ಎಂತದೂ ಇಲ್ಲೆ ಆಯಿ."

"ಹಂಗಾರೆ ತೋರ್ಸು."

ಬೆರಳು ಸರಿಯಾಗುವವರೆಗೆ ಆರು ವಾರ ಸೈಕಲ್ ಇಲ್ಲ. ಆ ಹೊತ್ತಿಗೆ ಅಕ್ಟೋಬರ್ ಬಂತು, ಮಳೆಯೂ ಬಂತು. ಬೇಸಿಗೆಯ ಧೂಳು ಕೂತು ನೆಲ ಟೈರನ್ನು ಕಚ್ಚಿ ಹಿಡಿಯುವ ಆ ಮೊದಲ ಮಳೆಯ ಮಣ್ಣಿಗೆ ಇಲ್ಲಿ 'ಹೀರೋ ಡರ್ಟ್' ಅನ್ನುತ್ತಾರೆ. ಹೀರೋಗಳು ಸವಾರಿ ಹೋದರು. ನಾನು ದಾರಿ ಕೆಲಸಕ್ಕೆ ಹೋದೆ.

ಈ ದಾರಿಗಳು ತಾವಾಗಿ ಉಳಿದವಲ್ಲ. ಎನ್‌ಎಸ್‌ಎಂಬಿಎ ಅಂದರೆ ನಾರ್ತ್ ಶೋರ್ ಮೌಂಟನ್ ಬೈಕ್ ಅಸೋಸಿಯೇಷನ್ ಎಂಬ ಸವಾರರ ಸಂಘ 1997ರಿಂದ ಇದೆ. ಅವರ ಮೇಲ್ವಿಚಾರಣೆಯಲ್ಲಿ ಜನ ವಾರಾಂತ್ಯ ಬಂದು ಮಣ್ಣು ಹೊರುತ್ತಾರೆ. ಮೇಲಿನ ಕಪ್ಪು ಎಲೆಗೊಬ್ಬರ ನೀರು ಹಿಡಿದು ಕೆಸರಾಗುತ್ತದೆ. ಅದನ್ನು ಸರಿಸಿ ಅಡಿಯ ಹಳದಿ ಮಣ್ಣು ಅಗೆದು ತಂದು ತುಂಬಬೇಕು. ಸುತ್ತ ನೂರು ವರ್ಷದ ಹಿಂದೆ ಕಡಿದ ಸೀಡರ್ ಬೊಡ್ಡೆಗಳು, ಒಂದೊಂದೂ ಕೊಟ್ಟಿಗೆಯಷ್ಟು. ಮರ ಕಡಿಯುವವರು ಹಲಗೆ ಸಿಕ್ಕಿಸಿ ಮೇಲೆ ನಿಲ್ಲಲು ಕೊರೆದ ಗೂಡುಗಳು ಅವುಗಳ ಮೈಮೇಲೆ ಇನ್ನೂ ಕಣ್ಣಿನ ಹಾಗೆ ಕಾಣುತ್ತವೆ. ಈ ಬೆಟ್ಟಕ್ಕೆ ಹೆಸರು ಕೊಟ್ಟ ಜೂಲಿಯಸ್ ಫ್ರೋಮ್ ಕೂಡ ಮರದ ವ್ಯವಹಾರದವರೇ.

ಎಡಗೈಯಲ್ಲಿ ಬಕೆಟ್ ಹಿಡಿದು ಓಡಾಡುತ್ತಿದ್ದೆ. ಒಂದು ಕಡೆ ನಾಲ್ಕು ಜನ ನಿಂತು, ದಾರಿ ಮೇಲೆ ನಿಂತ ನೀರು ಎತ್ತ ಹೋಗಬೇಕು ಅಂತ ಚರ್ಚೆ ಮಾಡುತ್ತಿದ್ದರು. ನನಗೆ ನಗು ಬಂತು. ತೋಟದಲ್ಲಿ ಬಸಿಗಾಲುವೆ ಮುಚ್ಚಿಕೊಂಡರೆ ಅಡಿಕೆ ಬೇರು ಕೊಳೆಯುತ್ತದೆ, ಹಾಗಾಗಿ ಮಳೆ ಹೊಯ್ಯುವಾಗಲೇ ಗುದ್ದಲಿ ಹಿಡಿದು ಹೊರಡುವ ಅಪ್ಪನ ಹಿಂದೆ ತಿರುಗಿ ಬೆಳೆದವಳು ನಾನು. ನೀರನ್ನು ನಿಂತಲ್ಲಿ ಕೇಳಬಾರದು, ಬಂದಲ್ಲಿ ಕೇಳಬೇಕು. ಹತ್ತು ಮಾರು ಮೇಲೆ ಹತ್ತಿ, ದಾರಿಗೆ ನೀರು ನುಗ್ಗುವ ಜಾಗ ತೋರಿಸಿದೆ. "ಇಲ್ಲಿ ಓರೆಗೆ ಕಡಿಯಿರಿ. ನೇರ ಕಡಿದರೆ ಹೂಳು ತುಂಬುತ್ತದೆ." ಮೇಲ್ವಿಚಾರಕ ಒಮ್ಮೆ ನನ್ನನ್ನೂ ಒಮ್ಮೆ ಇಳಿಜಾರನ್ನೂ ನೋಡಿ ಗುದ್ದಲಿ ತಂದುಕೊಟ್ಟ. ಬೆರಳಿಗೆ ಪಟ್ಟಿ ಇತ್ತು, ಅಗೆದದ್ದು ಬೇರೆಯವರು. ಕೋಲಿನಲ್ಲಿ ಗೆರೆ ಎಳೆದದ್ದು ನಾನು.

ನವೆಂಬರದ ಮೊದಲ ಸವಾರಿ ಶನಿವಾರ ಹಗಲಲ್ಲಿ, ಜೋರು ಮಳೆಯಲ್ಲಿ. ಬಂಡೆಯ ಹತ್ತಿರ ಇಳಿದು ನಡೆದೆ. ಕೆಳಗೆ ನಿಂತವರು ಏನೋ ತಿನ್ನುತ್ತಿದ್ದರು, ನೋಡಲೂ ಇಲ್ಲ. ಅಲ್ಲಿಂದ ಮುಂದೆ ಅವರು ಕಾಣದಾದರು. ಗೆರೆ ಎಳೆದ ಜಾಗ ಬಂತು. ಸೈಕಲ್ ಮರಕ್ಕೆ ಒರಗಿಸಿ ನಿಂತೆ. ನೀರು ದಾರಿಗೆ ಇಳಿಯದೆ ಓರೆಗೆ ತಿರುಗಿ, ಜರೀಗಿಡಗಳ ನಡುವೆ ಹೋಗುತ್ತಿತ್ತು. ಕಾಲುವೆಯ ಬಾಯಿಗೆ ಎಲೆ ಸಿಕ್ಕಿಕೊಂಡಿತ್ತು, ಬೂಟಿನ ತುದಿಯಿಂದ ಬಿಡಿಸಿದೆ.

ಕೆಳಗಿಂದ "ಕೂ" ಕೇಳಿತು. ಕರಡಿಗಳಿರುವ ಕಾಡು, ಸದ್ದು ಮಾಡುತ್ತಾ ಹೋಗಬೇಕು ಅಂದಾಗ ನಾನು ನಮ್ಮೂರ ಕೂಹು ಹಾಕಿದ್ದೆ, ಅದನ್ನೂ ಇವರು ಕಲಿತುಬಿಟ್ಟಿದ್ದಾರೆ. ಅಕ್ಕೋರದೇ ದನಿ, ಕೊನೆಗೆ ಸ್ವಲ್ಪ ಒಡೆಯುತ್ತದೆ. ಇನ್ನೊಂದು ಹಿಡಿ ಎಲೆ ತೆಗೆದುಹಾಕಿ ನಾನೂ ತಿರುಗಿ ಕೂಗಿದೆ, ಸೀಟು ಇಳಿಸಿದೆ.