ಕಡಿಮೆ ರೊಕ್ಕದಲ್ಲಿ ಗೋವಾ ನೋಡೋದು ಹೇಗೆ?

"ಅಣ್ಣಾ, ಗೋವಾಕ್ಕ ಬರ್ಬೇಕಂದ್ರ ಎಷ್ಟ್ ರೊಕ್ಕ ಬೇಕಾಗ್ತದ?"

ಗದಗ, ಕೊಪ್ಪಳ, ಹುಬ್ಬಳ್ಳಿಯ ಕಡೆಯಿಂದ ವರ್ಷಪೂರ್ತಿ ನನಗೆ ಈ ಫೋನ್ ಬರುತ್ತದೆ. ವಾಸ್ಕೋಗೆ ಬಂದು ಹದಿನಾಲ್ಕು ವರ್ಷವಾಯಿತು, ಹಾಗಾಗಿ ನಮ್ಮೂರಿನವರಿಗೆ ಗೋವಾ ಅಂದರೆ ನಾನೇ. ಕೇಳುವವರ ದನಿಯಲ್ಲಿ ಒಂದು ಅಳುಕು ಇರುತ್ತದೆ. ಗೋವಾ ದುಡ್ಡಿದ್ದವರ ಊರು, ನಮ್ಮಂಥವರಿಗಲ್ಲ ಎನ್ನುವ ಅಳುಕು. ಅದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಸಮುದ್ರಕ್ಕೆ ಟಿಕೆಟ್ ಇಲ್ಲ. ಹಳೆ ಗೋವಾದ ಚರ್ಚುಗಳಿಗೂ ಇಲ್ಲ.

ನಾನು ಹೇಳುವುದು ಇಷ್ಟೇ. ಇಲ್ಲಿ ದುಡ್ಡು ತಿನ್ನುವುದು ಓಡಾಟ. ಗೋವಾ ಸಣ್ಣ ರಾಜ್ಯ, ಎರಡು ದಿನದಲ್ಲಿ ಎಲ್ಲ ನೋಡಿಬಿಡಬಹುದು ಅಂದುಕೊಂಡು ಬರುತ್ತಾರೆ. ಆದರೆ ಕರಾವಳಿಯೇ ಸುಮಾರು 100 ಕಿಲೋಮೀಟರ್ ಇದೆ, ನಡುವೆ ಮಾಂಡೋವಿ, ಜುವಾರಿ ಅಂತ ದೊಡ್ಡ ಹೊಳೆಗಳಿವೆ. ನಾನು ಮೊದಲ ಸಲ ಅಪ್ಪ ಅಮ್ಮನನ್ನು ಕರೆಸಿದಾಗ ಇದೇ ತಪ್ಪು ಮಾಡಿದ್ದೆ. ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಬರುವ ವಾರ. ವರ್ಷದಲ್ಲೇ ಅತಿ ದುಬಾರಿ ದಿನಗಳು. ಅವರು ಇಳಿದದ್ದು ವಾಸ್ಕೋದಲ್ಲಿ, ರೂಮು ಸಿಕ್ಕಿದ್ದು ಎರಡೂ ಹೊಳೆಗಳ ಆಚೆ, ಕಲಂಗುಟ್ ಕಡೆ. ಮೂರು ದಿನ ಟ್ಯಾಕ್ಸಿಗೆ ಕೊಟ್ಟದ್ದು ರೂಮಿನ ಬಾಡಿಗೆಗಿಂತ ಜಾಸ್ತಿಯಾಯಿತು. ಕೊನೆ ದಿನ ಅಮ್ಮ ಸಮುದ್ರದ ದಂಡೆಯಲ್ಲೂ ಲೆಕ್ಕ ಹಾಕುತ್ತಾ ಕೂತಿದ್ದಳು. ಅದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ತಂಗಿಯ ಮನೆಯವರು ಬಂದಾಗ ನಾನೇ ಮೊದಲಿನಿಂದ ಕೂತು ಯೋಚನೆ ಮಾಡಿದೆ. ತಂಗಿ, ಅವಳ ಗಂಡ, ಇಬ್ಬರು ಮಕ್ಕಳು, ಅತ್ತೆ. ಒಟ್ಟು ಐದು ಜನ. ಕೈಯಲ್ಲಿದ್ದದ್ದು 10,000 ರೂಪಾಯಿ, ರೈಲಿನ ಖರ್ಚೂ ಅದರಲ್ಲೇ. ಒಂದು ಕಡೆ ಉಳಿಯೋದು, ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರಲು ಆಗುವಷ್ಟೇ ನೋಡೋದು ಅಂತ ನಿರ್ಧಾರ ಮಾಡಿದೆವು. ಕೋಲ್ವಾದಲ್ಲಿ ಒಂದು ಮನೆಯ ಮಹಡಿಯ ಮೇಲೆ ರೂಮು ಸಿಕ್ಕಿತು. ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆ. ದಸರಾ ರಜೆಯ ಕೊನೆ ವಾರ, ಅದೂ ಶನಿವಾರ ಭಾನುವಾರ ಬಿಟ್ಟು, ಮಂಗಳವಾರ ಬಂದದ್ದರಿಂದ ಬಾಡಿಗೆ ಕಡಿಮೆಯಾಯಿತು.

ರೈಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗದಗ, ಹುಬ್ಬಳ್ಳಿಯಿಂದ ಬರುವವರು ದಯವಿಟ್ಟು ಹಗಲಿನ ಗಾಡಿ ನೋಡಿ. ಅದು ವಾರದ ಎಲ್ಲ ದಿನ ಇರುವುದಿಲ್ಲ, ಆದರೆ ಅದಕ್ಕಾಗಿ ಒಂದು ದಿನ ಹಿಂದೆ ಮುಂದೆ ಮಾಡಿಕೊಂಡರೂ ಪರವಾಗಿಲ್ಲ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದ ಮೇಲೆ ಗಾಡಿ ಘಾಟಿನಲ್ಲಿ ನಿಧಾನವಾಗಿ ಇಳಿಯುತ್ತದೆ. 37 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು. ರೈಲಿಗೆ ಅದು ಕಡಿದಾದ ಇಳಿಜಾರು. ಅದಕ್ಕೇ ಇಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಸುರಂಗದ ಮೇಲೆ ಸುರಂಗ, ಮಕ್ಕಳು ಪ್ರತಿ ಸಲ ಕೂಗುತ್ತಾರೆ. ಆಮೇಲೆ ದೂಧಸಾಗರ. 310 ಮೀಟರ್ ಎತ್ತರದಿಂದ ಬೀಳುವ ನೀರಿನ ಎದುರೇ ಸೇತುವೆಯ ಮೇಲೆ ಗಾಡಿ ಹೋಗುತ್ತದೆ. ಈ ನೋಟ ಸ್ಲೀಪರ್ ಟಿಕೆಟ್ಟಿನಲ್ಲೇ ಸಿಗುತ್ತದೆ. ಅಲ್ಲಿ ಇಳಿಯಬೇಡಿ, ಹಳಿಯ ಮೇಲೆ ನಡೆಯಬೇಡಿ. ಅದು ಅಪರಾಧ, ಜೀವಕ್ಕೂ ಅಪಾಯ. ಕಿಟಕಿಯಿಂದ ನೋಡಿದರೆ ಸಾಕು. ನಮ್ಮವರು ಮಡಗಾಂವದಲ್ಲಿ ಇಳಿದಾಗ ತಂಗಿಯ ಅತ್ತೆ ಹೇಳಿದ ಮೊದಲ ಮಾತು, "ನಮ್ ಪ್ರವಾಸ ಆತು ಬಿಡಪಾ, ಇಷ್ಟ ಸಾಕು."

ಮಾರನೇ ದಿನ ಹಳೆ ಗೋವಾ. ಕೋಲ್ವಾದಿಂದ ಮಡಗಾಂವಕ್ಕೆ ಬಸ್ಸು, ಅಲ್ಲಿಂದ ಪಣಜಿಗೆ ಕದಂಬ, ಅಂದರೆ ಗೋವಾ ಸರ್ಕಾರಿ ಬಸ್ಸಿನ ಶಟಲ್. ಕೌಂಟರಿನಲ್ಲಿ ಟಿಕೆಟ್ ತಗೊಂಡು ಹತ್ತಿದರೆ ನಡುವೆ ಎಲ್ಲೂ ನಿಲ್ಲುವುದಿಲ್ಲ. ಪಣಜಿಯಿಂದ ಹಳೆ ಗೋವಾಕ್ಕೆ ಬಸ್ಸುಗಳು ಬೇಕಾದಷ್ಟು. 1605ರಲ್ಲಿ ಕಟ್ಟಿ ಮುಗಿಸಿದ ಬಾಮ್ ಜೀಸಸ್ ಬೆಸಿಲಿಕಾ, ಎದುರಿಗೇ ಸೆ ಕೆಥೆಡ್ರಲ್. ಎರಡೂ ನೋಡಿ, ವೈಸ್‌ರಾಯ್ ಕಮಾನಿನ ಕೆಳಗೆ ನಡೆದು ಹೊಳೆಯ ದಂಡೆಗೆ ಹೋದರೆ ಫೆರಿ. ಸರ್ಕಾರಿ ಫೆರಿಯಲ್ಲಿ ನಡೆದು ಹೋಗುವವರಿಗೆ ದುಡ್ಡಿಲ್ಲ. ಮಾಂಡೋವಿ ದಾಟಿ ದಿವಾರ್ ದ್ವೀಪಕ್ಕೆ ಹೋಗಿ ಬರಬಹುದು. ನಮ್ಮ ಮಕ್ಕಳು ಎರಡು ಸಲ ಹೋಗಿ ಬಂದರು, ಮೂರನೇ ಸಲಕ್ಕೂ ಹಟ ಮಾಡಿದರು.

ಆ ಫೆರಿಯಲ್ಲಿ ನಿಂತಾಗ ತಂಗಿಯ ಗಂಡನಿಗೆ ಒಂದು ವಿಷಯ ಹೇಳಿದೆ. ಗೋವೆಯನ್ನು ಆಳಿದ ಕದಂಬರ ಮನೆದೇವರು ಸಪ್ತಕೋಟೇಶ್ವರನ ಗುಡಿ ಇದೇ ದಿವಾರಿನಲ್ಲಿ ಇತ್ತು. ಪೋರ್ಚುಗೀಸರು ಅದನ್ನು ಕೆಡವಿದರು. ಆಮೇಲೆ ಹೊಳೆಯಾಚೆ ನಾರ್ವೆ ಅನ್ನುವ ಹಳ್ಳಿಯಲ್ಲಿ ದೇವರು ನೆಲೆ ನಿಂತ. 1668ರಲ್ಲಿ ಶಿವಾಜಿ ಆ ಗುಡಿಯನ್ನು ಹೊಸದಾಗಿ ಕಟ್ಟಿಸಿದ. ಬೆಳಗ್ಗೆ ಹತ್ತಿದ ಬಸ್ಸಿನ ಮೇಲೆ ಕದಂಬ ಅಂತ ಇತ್ತಲ್ವಾ, ಅದು ಅವರ ಹೆಸರೇ. ನಮ್ಮ ಬನವಾಸಿಯ ಹೆಸರು ಇಲ್ಲಿ ದಿನಾ ಓಡಾಡುತ್ತದೆ.

ಒಂದು ಎಚ್ಚರಿಕೆ. ಹಳ್ಳಿಯ ಬಸ್ಸುಗಳು ಕತ್ತಲಾಗುತ್ತಿದ್ದಂತೆ ಕಡಿಮೆಯಾಗುತ್ತವೆ. ಎಂಟು ಗಂಟೆಗೆ ಬಸ್ ಸಿಗುತ್ತದೆ ಅಂತ ನಂಬಿ ಕೂತರೆ ಕೊನೆಗೆ ಟ್ಯಾಕ್ಸಿ. ದಿನವಿಡೀ ಉಳಿಸಿದ್ದು ಒಂದೇ ಸಲಕ್ಕೆ ಹೋಗುತ್ತದೆ. ಅದಕ್ಕೇ ದೂರದ ಜಾಗಕ್ಕೆ ಬೆಳಗ್ಗೆ ಹೋಗಿ, ಸಂಜೆಗೆ ನಡೆದು ಹೋಗುವ ಸಮುದ್ರ ಇಟ್ಟುಕೊಳ್ಳಿ. ಬಾಡಿಗೆ ಸ್ಕೂಟರ್ ತಗೊಳ್ಳುವವರು ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಾಡಿಗೆಗೆ ಕೊಡಲು ಪರವಾನಗಿ ಇರುವ ಗಾಡಿಗೆ ಅದೇ ಗುರುತು. ಲೈಸೆನ್ಸ್, ಹೆಲ್ಮೆಟ್ ಬೇಕೇ ಬೇಕು.

ಊಟದ ಚಿಂತೆ ಬೇಡ. ದಂಡೆಯಿಂದ ಒಳಗೆ ಬಂದು, ಊರಿನವರು ತಿನ್ನುವ ಕಡೆ ಕೂರಿ. ಬೆಳಗ್ಗೆ ಪಾವ್ ಜೊತೆ ಪಾತಳ್ ಭಾಜಿ, ಮಧ್ಯಾಹ್ನ ಮೀನಿನ ಥಾಲಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ, ಆಗ ಮೀನು ತುಟ್ಟಿ. ಮೀನು ತಿನ್ನದವರಿಗೂ ತೊಂದರೆ ಇಲ್ಲ. ಇಲ್ಲಿನ ತರಕಾರಿ ಬಹಳಷ್ಟು ನಮ್ಮ ಬೆಳಗಾವಿಯಿಂದಲೇ ಬರುವುದು. ವಯಸ್ಸಾದವರ ಜೊತೆ ಬರುವವರು ಫೋಂಡಾ ಕಡೆಯ ಗುಡಿಗಳ ಅಗ್ರಶಾಲೆಯಲ್ಲಿ, ಅಂದರೆ ಭಕ್ತರು ಉಳಿಯುವ ಛತ್ರದಲ್ಲಿ, ಉಳಿಯಬಹುದು. ಮಂಗೇಶಿ, ಶಾಂತಾದುರ್ಗೆ, ಎಲ್ಲ ಆ ಕಡೆಯೇ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿ ಗುಡಿಯ ನಿಯಮ ಪಾಲಿಸಬೇಕು.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಮನೆಯವರಿಗೆ ನಿಜವಾಗಿ ಆಸೆ ಇರುವುದು ಯಾವುದಕ್ಕೆ ಅಂತ ಮೊದಲೇ ಕೇಳಿ, ಅದಕ್ಕೆ ಬೇಕಾದ ದುಡ್ಡನ್ನು ಬೇರೆ ಎತ್ತಿಡಿ. ಉಳಿದದ್ದರಲ್ಲಿ ಬಿಗಿ ಮಾಡಿ, ಅದರಲ್ಲಿ ಬೇಡ. ನಮ್ಮ ಮಕ್ಕಳಿಗೆ ಡಾಲ್ಫಿನ್ ನೋಡಬೇಕಿತ್ತು. ದೋಣಿಗೆ 1,500 ರೂಪಾಯಿ ಮೊದಲೇ ತೆಗೆದಿಟ್ಟೆವು. ಹೋಗಿ ಬರುವ ರೈಲಿಗೆ 2,000, ಎರಡು ರಾತ್ರಿ ರೂಮಿಗೆ 3,000 ಆಯಿತು. ಊಟ, ಬಸ್ಸು ಎಲ್ಲ ಉಳಿದದ್ದರಲ್ಲೇ ಮುಗಿಯಿತು. ಡಾಲ್ಫಿನ್ ಬೆನ್ನು ಕಂಡದ್ದು ಎರಡೇ ಸಲ, ಆದರೂ ದೊಡ್ಡವನು ಶಾಲೆಯಲ್ಲಿ ಎಲ್ಲರಿಗೂ ಹೇಳಿದನಂತೆ.

ಅತ್ತೆಗೆ ದೋಣಿ ಬೇಡವಾಗಿತ್ತು. ಅವರು ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡಿದ್ದು. ಎರಡೂ ಸಂಜೆ ಸೀರೆ ಸ್ವಲ್ಪ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಕತ್ತಲಾದರೂ ಕರೆಯಲು ನನಗೆ ಮನಸ್ಸಾಗಲಿಲ್ಲ. ರೂಮು ಹತ್ತಿರವೇ ಇತ್ತು, ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ.

ಈಗ ಫೋನ್ ಮಾಡುವವರಿಗೆ ನಾನು ತಿರುಗಿ ಕೇಳುತ್ತೇನೆ. ಯಾರ್ಯಾರು ಬರ್ತೀರಿ, ಯಾರಿಗೆ ಏನು ನೋಡಬೇಕು ಅಂತ. ಅದನ್ನು ಹೇಳಿ, ರೂಮು ಯಾವ ಕಡೆ ಹಿಡಿಯಬೇಕು ಅಂತ ನಾನು ಹೇಳುತ್ತೇನೆ. ರೈಲಿನ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ದಸರೆಗೆ ಬರುವವರು ತಾರೀಖು ಈಗಲೇ ಬರೆದಿಟ್ಟುಕೊಳ್ಳಿ.